ಪುಸ್ತಕ ಅಚ್ಚಿಗೆ ಕೊಡುವ ಮುಂಚೆ: ಪುಟದ ಅಳತೆ ಮತ್ತು ಅಂಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಡಿಟಿಪಿ ಮತ್ತು ಪುಟ ವಿನ್ಯಾಸದ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಮೊದಲ ಪುಸ್ತಕ ತರುತ್ತಿರುವವರು. ನಿವೃತ್ತರಾದ ಮೇಷ್ಟ್ರುಗಳು, ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಬರುವ ಕವಿಗಳು, ಪಿಎಚ್‌.ಡಿ. ಪ್ರಬಂಧವನ್ನು ಪುಸ್ತಕ ಮಾಡಬೇಕು ಅನ್ನುವ ಹುಡುಗ ಹುಡುಗಿಯರು. ಎಲ್ಲರ ಕೈಯಲ್ಲೂ ಒಂದು ಪೆನ್‌ಡ್ರೈವ್. ಅದರೊಳಗೆ ಎ4 ಅಳತೆಯ ಒಂದು ಫೈಲ್. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಹೇಳುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಬರೆದು ಮುಗಿಸಿದ್ದೇನೆ. ಪುಟದ ಅಳತೆಯನ್ನು ಯಾವಾಗ ಗೊತ್ತು ಮಾಡಬೇಕು?

ಈಗಲೇ. ಬೇರೆ ಯಾವುದಕ್ಕೂ ಕೈ ಹಾಕುವ ಮುಂಚೆ. ಬರೆಯುವಾಗ ಯಾವ ಅಳತೆಯಲ್ಲಿ ಬೇಕಾದರೂ ಬರೆಯಿರಿ, ಮೊಬೈಲಿನಲ್ಲಿ ಟೈಪ್ ಮಾಡಿದರೂ ಪರವಾಗಿಲ್ಲ. ಆದರೆ ಫೋಟೊ ಕೂರಿಸುವುದು, ಪರಿವಿಡಿಗೆ ಪುಟ ಸಂಖ್ಯೆ ಹಾಕುವುದು, ಕೊನೆಯ ಪ್ರೂಫ್ ನೋಡುವುದು, ಇವೆಲ್ಲ ಅಳತೆ ಗೊತ್ತಾದ ಮೇಲೆಯೇ ಆಗಬೇಕು. ಅಳತೆ ಬದಲಾದರೆ ಪ್ರತಿ ಸಾಲೂ ಜರುಗುತ್ತದೆ. ಒಂದು ಸಾಲು ಜರುಗಿದರೆ ಪುಟ ಜರುಗುತ್ತದೆ, ಪುಟ ಜರುಗಿದರೆ ಪರಿವಿಡಿ ಸುಳ್ಳಾಗುತ್ತದೆ.

ಮಂಡ್ಯದ ಕಡೆಯ ಒಬ್ಬ ಮೇಷ್ಟ್ರು 160 ಪುಟದ ಆತ್ಮಕಥೆಯನ್ನು ಎ4ರಲ್ಲಿ ಬಹಳ ಅಚ್ಚುಕಟ್ಟಾಗಿ ಟೈಪ್ ಮಾಡಿಸಿ ತಂದಿದ್ದರು. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿತ್ತು. ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗಲಿ ಅಂತ ಹತ್ತು ಹದಿನೈದು ಸಲ ಎಂಟರ್ ಒತ್ತಿತ್ತು. ಪುಟವನ್ನು ಚಿಕ್ಕದು ಮಾಡಿದ ತಕ್ಷಣ ಸಾಲುಗಳೆಲ್ಲ ತುಂಡು ತುಂಡಾದವು. ಆ ಎಂಟರ್‌ಗಳನ್ನು ತೆಗೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ದಯವಿಟ್ಟು ಪ್ಯಾರಾ ಮುಗಿದಾಗ ಮಾತ್ರ ಎಂಟರ್ ಒತ್ತಿ. ಹೊಸ ಪುಟ ಬೇಕಾದರೆ ಕಂಟ್ರೋಲ್ ಹಿಡಿದು ಎಂಟರ್ ಒತ್ತಿ, ಸಾಕು.

ಪುಸ್ತಕದ ಒಳಗೆ ‘1/8 ಡೆಮಿ’ ಅಂತ ಇರುತ್ತದಲ್ಲ, ಏನದು?

ಬೆಲೆ, ಪ್ರತಿಗಳ ಸಂಖ್ಯೆ, ‘70 ಜಿಎಸ್‌ಎಂ ಮ್ಯಾಪ್ಲಿಥೊ’ (ಕಾಗದದ ತೂಕ ಮತ್ತು ಬಗೆ) ಎನ್ನುವ ಸಾಲಿನ ಹತ್ತಿರವೇ ಇದೂ ಇರುತ್ತದೆ. ಡೆಮಿ ಎನ್ನುವುದು ಕಾಗದದ ಹಾಳೆಯ ಹೆಸರು. ನಮ್ಮ ಕಡೆ ಸಿಗುವ ಡೆಮಿ ಹಾಳೆ 18 × 23 ಇಂಚು. ಅದನ್ನು ಎಂಟು ಭಾಗ ಮಾಡಿದರೆ ಒಂದೊಂದು ಭಾಗ 5.75 × 9 ಇಂಚು ಬರುತ್ತದೆ. ಅದಕ್ಕೇ 1/8. ಬೈಂಡಿಂಗ್ ಆದ ಮೇಲೆ ಮೂರು ಕಡೆ ಕಟಿಂಗ್ ಹೊಡೆಯುತ್ತಾರೆ. ಆಗ ಉಳಿಯುವುದು ಸುಮಾರು 5.5 × 8.5 ಇಂಚು. ನಿಮ್ಮ ಫೈಲಿನಲ್ಲಿ ಇರಬೇಕಾದ ಅಳತೆ ಈ ಕಟಿಂಗ್ ಆದ ಮೇಲಿನದ್ದು.

ಹಾಳೆಯ ಒಂದು ಮುಖಕ್ಕೆ ಎಂಟು ಪುಟ, ಇನ್ನೊಂದು ಮುಖಕ್ಕೆ ಎಂಟು ಪುಟ. ಮೂರು ಸಲ ಮಡಚಿದರೆ 16 ಪುಟದ ಒಂದು ಕಟ್ಟು. ಪ್ರೆಸ್ಸಿನವರು ಇದನ್ನು ‘ಒಂದು ಫಾರಂ’ ಅನ್ನುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಪುಟಗಳ ಲೆಕ್ಕಕ್ಕೆ ಬೇಕು.

ಕ್ರೌನ್ ಹಾಳೆ ಇನ್ನೂ ಚಿಕ್ಕದು, 15 × 20 ಇಂಚು. 1/8 ಕ್ರೌನ್ ಅಂದರೆ ಕಟಿಂಗ್‌ಗೆ ಮುಂಚೆ 5 × 7.5, ಆಮೇಲೆ ಸುಮಾರು 4.75 × 7.25 ಇಂಚು. ಒಂದೊಂದು ಪ್ರೆಸ್ಸಿನಲ್ಲಿ ಕಟಿಂಗ್ ಕೂದಲೆಳೆ ಹೆಚ್ಚುಕಮ್ಮಿ ಇರುತ್ತದೆ. ಹಾಗಾಗಿ ‘ನಿಮ್ಮಲ್ಲಿ ಡೆಮಿ ಕಟ್ ಆದ ಮೇಲೆ ಎಷ್ಟು ಬರುತ್ತೆ?’ ಅಂತ ಒಂದು ಮಾತು ಕೇಳಿಕೊಂಡು ಬನ್ನಿ.

ಎ5 ಮತ್ತು ಡೆಮಿ ಒಂದೇ ಅಲ್ವಾ?

ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಬೇರೆ ಬೇರೆ. ಎ5 ಅಂದರೆ ಎ4 ಹಾಳೆಯ ಸರಿ ಅರ್ಧ: 148 × 210 ಮಿಲಿಮೀಟರ್. ಡೆಮಿ ಪುಸ್ತಕ ಸುಮಾರು 140 × 216 ಮಿಲಿಮೀಟರ್. ಎ5 ಸ್ವಲ್ಪ ಅಗಲ, ಡೆಮಿ ಸ್ವಲ್ಪ ಉದ್ದ. ಎ5ರಲ್ಲಿ ಕೂರಿಸಿದ ಫೈಲನ್ನು ಡೆಮಿಗೆ ಕೊಟ್ಟರೆ ಅಗಲದಲ್ಲಿ ಎಂಟು ಮಿಲಿಮೀಟರ್ ಹೋಗುತ್ತದೆ. ಅಷ್ಟೂ ನಿಮ್ಮ ಅಂಚಿನಿಂದಲೇ ಹೋಗುವುದು.

50 ಅಥವಾ 100 ಪ್ರತಿಯನ್ನು ಡಿಜಿಟಲ್ ಪ್ರಿಂಟ್ ಹಾಕಿಸುವುದಾದರೆ ಯಾವುದಾದರೂ ಆದೀತು. 12 × 18 ಇಂಚಿನ ಹಾಳೆಯ ಒಂದು ಮುಖದಲ್ಲಿ ಎರಡರಲ್ಲಿ ಯಾವುದನ್ನಾದರೂ ನಾಲ್ಕು ಪುಟ ಹಿಡಿಸಬಹುದು. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ದೊಡ್ಡ ಮೆಷಿನ್ನಿನಲ್ಲಿ, 500, 1000 ಪ್ರತಿ ಹಾಕಿಸುವುದಾದರೆ ಡೆಮಿಯೇ ಸರಿ. ಕಾಗದ ಹಾಳಾಗುವುದಿಲ್ಲ.

ಕವನ ಸಂಕಲನಕ್ಕೆ ಯಾವ ಅಳತೆ? ಕಾದಂಬರಿಗೆ?

ಕಥೆ, ಕಾದಂಬರಿ, ಪ್ರಬಂಧ, ಆತ್ಮಕಥೆಗೆ ಡೆಮಿ. ಕವನದ ಸಾಲುಗಳು ಚಿಕ್ಕವಾಗಿದ್ದರೆ ಕ್ರೌನ್ ಚೆನ್ನಾಗಿ ಕಾಣುತ್ತದೆ, ಜೇಬಿನಲ್ಲಿ ಇಟ್ಟುಕೊಂಡೂ ಓಡಾಡಬಹುದು. ಸಾಲು ಉದ್ದ ಇದ್ದರೆ ಕ್ರೌನ್ ಬೇಡ. ಕವಿ ಒಂದೇ ಸಾಲು ಅಂತ ಬರೆದದ್ದು ಎರಡಾಗಿ ಮುರಿದು ಬಿದ್ದರೆ ಅದು ಬೇರೆಯೇ ಕವನ ಆಗಿಬಿಡುತ್ತದೆ. ನಿಮ್ಮ ಅತಿ ಉದ್ದದ ಸಾಲನ್ನು ಹುಡುಕಿ, ಅದು ಹಿಡಿಯುವ ಅಳತೆ ಆರಿಸಿ.

ಸುತ್ತ ಅಂಚು ಎಷ್ಟು ಬಿಡಬೇಕು?

ಡೆಮಿಗೆ ನಾನು ಬಿಡುವ ಲೆಕ್ಕ ಇದು. ಒಳಗಡೆ, ಅಂದರೆ ಬೈಂಡಿಂಗ್ ಕಡೆ, 0.9 ಇಂಚು. ಹೊರಗಡೆ 0.6. ಮೇಲೆ 0.75, ಕೆಳಗೆ 0.75. ಆಗ ಅಕ್ಷರ ಕೂರುವ ಜಾಗ ಸರಿಯಾಗಿ 4 × 7 ಇಂಚು ಸಿಗುತ್ತದೆ. 12 ಪಾಯಿಂಟ್ ಅಕ್ಷರವನ್ನು 18 ಪಾಯಿಂಟ್ ಸಾಲಿನ ಅಂತರದಲ್ಲಿ ಕೂರಿಸಿದರೆ ಪುಟಕ್ಕೆ 28 ಸಾಲು. 72 ಪಾಯಿಂಟ್‌ಗೆ ಒಂದು ಇಂಚು, ಹಾಗಾಗಿ ಒಂದು ಇಂಚಿಗೆ ಸರಿಯಾಗಿ ನಾಲ್ಕು ಸಾಲು. ಲೆಕ್ಕ ಸಲೀಸು, ಕಣ್ಣಿಗೂ ಹಿತ.

ಒಳ ಅಂಚು ಜಾಸ್ತಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕೆಲಸ ಶುರು ಮಾಡಿದ ಹೊಸತರಲ್ಲಿ 300 ಪುಟ ದಾಟಿದ ಒಂದು ಪುಸ್ತಕಕ್ಕೆ ನಾನು ಎರಡೂ ಕಡೆ ಅರ್ಧ ಇಂಚು ಬಿಟ್ಟಿದ್ದೆ. ಪರದೆಯ ಮೇಲೆ ಬಹಳ ಸಮವಾಗಿ ಕಾಣುತ್ತಿತ್ತು. ಅಂಟು ಹಾಕಿ ಪರ್ಫೆಕ್ಟ್ ಬೈಂಡಿಂಗ್ ಮಾಡಿಸಿದರು. ಪುಸ್ತಕ ಕೈಗೆ ಬಂದಾಗ ಎಡಪುಟದ ಸಾಲಿನ ಕೊನೆಯ ಅಕ್ಷರಗಳೂ ಬಲಪುಟದ ಸಾಲಿನ ಮೊದಲ ಅಕ್ಷರಗಳೂ ನಡುವಿನ ಮಡಿಕೆಯೊಳಗೆ ಇಳಿದಿದ್ದವು. ಲೇಖಕರು ಎರಡು ಹೆಬ್ಬೆರಳಿನಿಂದ ಪುಸ್ತಕವನ್ನು ಅಗಲಿಸಿ ಓದಲು ನೋಡಿದರು. ಬೆನ್ನು ಬಿರುಕು ಬಿಟ್ಟಿತು. 500 ಪ್ರತಿಯೂ ಹಾಗೆಯೇ. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಆ ದಿನವನ್ನು ನಾನು ಮರೆತಿಲ್ಲ. 

ಪುಸ್ತಕ ದಪ್ಪ ಆದಷ್ಟೂ ಮಡಿಕೆ ಜಾಸ್ತಿ ನುಂಗುತ್ತದೆ. 100 ಪುಟದೊಳಗಿನ ಪುಸ್ತಕಕ್ಕೆ ಒಳಗೆ 0.75 ಇಂಚು ಸಾಕು. 300 ದಾಟಿದರೆ ಒಂದು ಇಂಚು ಬಿಡಿ. ಹೊಲಿಗೆ ಹಾಕಿದ ಪುಸ್ತಕ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಸ್ವಲ್ಪ ಕಮ್ಮಿ ಆದರೂ ನಡೆಯುತ್ತದೆ. ಬರೀ ಅಂಟಿನ ಬೈಂಡಿಂಗ್‌ಗೆ ಜಾಸ್ತಿಯೇ ಬೇಕು. ಹೊರ ಅಂಚು ಓದುವವರ ಹೆಬ್ಬೆರಳಿಗೆ ಅಂತ ಇಟ್ಟ ಜಾಗ. ಅರ್ಧ ಇಂಚಿಗಿಂತ ಕೆಳಗೆ ಇಳಿಸಬೇಡಿ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಓಲೆಗರಿ ಕಟ್ಟುಗಳನ್ನು ನೋಡುವ ಅವಕಾಶ ಸಿಕ್ಕರೆ ದಾರ ಪೋಣಿಸುವ ತೂತನ್ನು ಗಮನಿಸಿ. ಅದರ ಸುತ್ತ ಅಕ್ಷರ ಬರೆಯದೆ ಖಾಲಿ ಬಿಟ್ಟಿರುತ್ತಾರೆ. ಎರಡು ತುದಿಯಲ್ಲೂ ಜಾಗ ಬಿಟ್ಟಿರುತ್ತಾರೆ. ದಾರ ಉಜ್ಜಿ ಗರಿ ಸವೆದರೂ ಅಕ್ಷರ ಉಳಿಯಬೇಕಲ್ಲ. ನಮ್ಮ ಒಳ ಅಂಚೂ ಅದೇ ಕೆಲಸಕ್ಕೆ ಇರುವುದು.

ವರ್ಡ್‌ನಲ್ಲಿ ಇದನ್ನೆಲ್ಲ ಎಲ್ಲಿ ಹೋಗಿ ಹಾಕಬೇಕು?

ಮೊದಲು ಫೈಲಿನ ಒಂದು ನಕಲು ತೆಗೆದಿಟ್ಟುಕೊಳ್ಳಿ. ಆಮೇಲೆ ಲೇಔಟ್‌ಗೆ ಹೋಗಿ ಮಾರ್ಜಿನ್ಸ್ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ಕಸ್ಟಮ್ ಮಾರ್ಜಿನ್ಸ್ ಒತ್ತಿ. ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮಲ್ಟಿಪಲ್ ಪೇಜಸ್ ಎನ್ನುವ ಕಡೆ ಮಿರರ್ ಮಾರ್ಜಿನ್ಸ್ ಆರಿಸಿ. ಆರಿಸಿದ ಕೂಡಲೇ ಲೆಫ್ಟ್, ರೈಟ್ ಅಂತ ಇದ್ದದ್ದು ಇನ್‌ಸೈಡ್, ಔಟ್‌ಸೈಡ್ ಆಗುತ್ತದೆ. ಹಾಗೆ ಆಯಿತು ಅಂದರೆ ಸರಿಯಾದ ದಾರಿಯಲ್ಲಿ ಇದ್ದೀರಿ. ಅಲ್ಲಿ ಒಳಗೆ 0.9, ಹೊರಗೆ 0.6 ಹಾಕಿ. ಅದೇ ಪೆಟ್ಟಿಗೆಯಲ್ಲಿ ಪೇಪರ್ ಎನ್ನುವ ಭಾಗಕ್ಕೆ ಹೋಗಿ ಅಗಲ 5.5, ಎತ್ತರ 8.5 ಹಾಕಿ.

ಕೆಳಗೆ ಅಪ್ಲೈ ಟು ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಹೋಲ್ ಡಾಕ್ಯುಮೆಂಟ್ ಅಂತ ಇದೆಯಾ ನೋಡಿ. ಇದನ್ನು ಮರೆತರೆ ಮುನ್ನುಡಿ ಎ4ರಲ್ಲಿ, ಅಧ್ಯಾಯ ಡೆಮಿಯಲ್ಲಿ ಉಳಿಯುತ್ತವೆ.

ಮೂರನೇ ಭಾಗ ಲೇಔಟ್. ಪುಟ ಸಂಖ್ಯೆ ಕೆಳಗೆ ಇದ್ದರೆ ಫುಟರ್ ಅಂಚಿನಿಂದ 0.4 ಇಂಚು ದೂರ ಇರಲಿ. ಎಡಪುಟದ ಮೇಲೆ ಪುಸ್ತಕದ ಹೆಸರು, ಬಲಪುಟದ ಮೇಲೆ ಅಧ್ಯಾಯದ ಹೆಸರು ಬೇಕಾದರೆ ಡಿಫರೆಂಟ್ ಆಡ್ ಅಂಡ್ ಈವನ್‌ಗೆ ಟಿಕ್ ಹಾಕಿ. ಬೆಸ ಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಬರುತ್ತದೆ. ಪುಟ 1 ಎಡಗಡೆ ಬಂತು ಅಂದರೆ ಒಳ ಅಂಚು, ಹೊರ ಅಂಚು ಎಲ್ಲವೂ ಅದಲು ಬದಲಾಗಿವೆ ಅಂತಲೇ ಅರ್ಥ.

ಲಿಬ್ರೆಆಫೀಸ್ ಬಳಸುವವರು ಫಾರ್ಮ್ಯಾಟ್‌ನಲ್ಲಿ ಪೇಜ್ ಸ್ಟೈಲ್‌ಗೆ ಹೋಗಿ. ಪೇಜ್ ಲೇಔಟ್ ಕಡೆ ಮಿರರ್ಡ್ ಆರಿಸಿ. ಅಲ್ಲಿ ಒಂದು ವ್ಯತ್ಯಾಸ ಇದೆ: ಫುಟರ್ ಅಕ್ಷರದ ಜಾಗದೊಳಗೇ ಕೂರುತ್ತದೆ. ಅದಕ್ಕೆ ಕೆಳಗಿನ ಅಂಚನ್ನು ಅಷ್ಟು ಕಮ್ಮಿ ಮಾಡಿಕೊಳ್ಳಬೇಕು.

ಗಟರ್ ಅಂತ ಒಂದು ಜಾಗ ಇದೆಯಲ್ಲ?

ಬೈಂಡಿಂಗ್‌ಗೆ ಅಂತ ಒಳ ಅಂಚಿಗೆ ಸೇರಿಸುವ ಹೆಚ್ಚುವರಿ ಜಾಗ ಅದು. ಮೇಲೆ ಹೇಳಿದ 0.9ರಲ್ಲಿ ಅದು ಸೇರಿಯೇ ಇದೆ. ಹಾಗಾಗಿ ಗಟರ್ ಸೊನ್ನೆ ಇರಲಿ. ಎರಡೂ ಕಡೆ ಹಾಕಿದರೆ ಅಕ್ಷರದ ಜಾಗ ಸುಮ್ನೆ ಕಿರಿದಾಗುತ್ತದೆ.

ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತಿದೆ. ಯಾಕೆ?

ಇಂಗ್ಲಿಷ್ ಪುಸ್ತಕ ನೋಡಿ ಸಾಲಿನ ಅಂತರ ಇಟ್ಟರೆ ಹೀಗಾಗುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ಕೆಲವು ಸಲ ಒತ್ತಿಗೂ ಒತ್ತು. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಸ್ತ್ರೀ’ ಈ ಮೂರು ಪದಗಳನ್ನು ಒಂದರ ಕೆಳಗೆ ಒಂದು ಟೈಪ್ ಮಾಡಿ ಪ್ರಿಂಟ್ ತೆಗೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗದೆ ಇದ್ದರೆ ನಿಮ್ಮ ಅಂತರ ಸರಿ ಇದೆ.

ವರ್ಡ್‌ನಲ್ಲಿ ಸಾಲಿನ ಅಂತರಕ್ಕೆ ಎಕ್ಸ್ಯಾಕ್ಟ್‌ಲಿ ಅಂತ ಹಾಕಿ 14 ಪಾಯಿಂಟ್ ಕೊಟ್ಟವರಿಗೆ ಒತ್ತು ತುಂಡಾಗುತ್ತದೆ. 18 ಕೊಡಿ. ಇನ್ನೊಂದು ವಿಷಯ: ನುಡಿ, ಬರಹ, ಶ್ರೀಲಿಪಿ, ಯೂನಿಕೋಡ್ ಫಾಂಟ್‌ಗಳು, ಎಲ್ಲದರಲ್ಲೂ 12 ಪಾಯಿಂಟ್ ಒಂದೇ ಗಾತ್ರದಲ್ಲಿ ಕಾಣುವುದಿಲ್ಲ. ಒಂದರಲ್ಲಿ 12 ಧಾರಾಳ, ಇನ್ನೊಂದರಲ್ಲಿ 13 ಬೇಕಾಗಬಹುದು. ಸಂಖ್ಯೆಗಿಂತ ಪ್ರಿಂಟ್ ತೆಗೆದ ಹಾಳೆಯನ್ನು ನಂಬಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರ ಕೈಗೆ ಕೊಟ್ಟು ಒಂದು ಪುಟ ಓದಿಸಿ. ಕನ್ನಡಕ ಹುಡುಕಿದರೋ, ಹಾಳೆ ದೂರ ಹಿಡಿದರೋ ಅಂತ ನೋಡಿದರೆ ಗೊತ್ತಾಗಿಬಿಡುತ್ತದೆ.

ಸಾಲುಗಳನ್ನು ಎರಡೂ ಕಡೆ ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಗ್ಯಾಪ್ ಬರುತ್ತದೆ. ಏನು ಮಾಡಲಿ?

ಕನ್ನಡದ ಪದಗಳು ಉದ್ದ. ‘ಮಾಡಬೇಕಾಗಿದ್ದುದರಿಂದ’ ಎನ್ನುವ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಸಾಲು ಕಿರಿದಾದಷ್ಟೂ ಗ್ಯಾಪ್ ಜಾಸ್ತಿ. ಡೆಮಿಯಲ್ಲಿ ಅಕ್ಷರದ ಜಾಗ ನಾಲ್ಕು ಇಂಚಿಗಿಂತ ಬಹಳ ಕಮ್ಮಿ ಆಗಬಾರದು ಅನ್ನುವುದು ಇದಕ್ಕೇ. ತೀರಾ ಕೆಟ್ಟದಾಗಿ ಕಾಣುವ ಕಡೆ ಪದವನ್ನು ಕೈಯಿಂದ ಮುರಿಯಬಹುದು. ಆದರೆ ಪುಟದ ಅಳತೆ, ಫಾಂಟ್ ಎಲ್ಲ ಗಟ್ಟಿಯಾದ ಮೇಲೆ, ಕೊನೆಯ ಸುತ್ತಿನಲ್ಲಿ ಮಾತ್ರ. ಸಮಾಸ ಪದವನ್ನು ಅದು ಸೇರಿದ ಜಾಗದಲ್ಲಿ ಮುರಿಯಿರಿ. ಒತ್ತನ್ನು ಅದರ ಮೇಲಿನ ಅಕ್ಷರದಿಂದ ಯಾವತ್ತೂ ಬೇರೆ ಮಾಡಬೇಡಿ.

ಒಂದು ಸಾಲಿನಲ್ಲಿ ಎರಡೇ ಪದ ಇದ್ದು ಅವು ಆ ತುದಿಗೊಂದು ಈ ತುದಿಗೊಂದು ಹೋಗಿದ್ದರೆ, ಅಲ್ಲಿ ಯಾರೋ ಶಿಫ್ಟ್ ಹಿಡಿದು ಎಂಟರ್ ಒತ್ತಿರುತ್ತಾರೆ. ಅದನ್ನು ತೆಗೆಯಿರಿ. ಕವನಕ್ಕೆ ಎಡಗಡೆ ಮಾತ್ರ ಸಮ ಇರಲಿ.

ಎ4ರಲ್ಲಿ 100 ಪುಟ ಇದೆ. ಡೆಮಿಯಲ್ಲಿ ಎಷ್ಟು ಪುಟ ಆಗುತ್ತದೆ?

ಎ4ರಲ್ಲಿ ಸುತ್ತ ಒಂದೊಂದು ಇಂಚು ಬಿಟ್ಟರೆ ಅಕ್ಷರಕ್ಕೆ ಸುಮಾರು 60.8 ಚದರ ಇಂಚು ಸಿಗುತ್ತದೆ. ನಮ್ಮ ಡೆಮಿಯಲ್ಲಿ 28. ಅಕ್ಷರದ ಗಾತ್ರ, ಸಾಲಿನ ಅಂತರ ಒಂದೇ ಇದ್ದರೆ ಒಂದು ಎ4 ಪುಟ 2.17 ಡೆಮಿ ಪುಟ ಆಗುತ್ತದೆ. 100 ಪುಟ ಅಂದರೆ 217. ಅದಕ್ಕೆ ಹೆಸರಿನ ಪುಟ, ಮುನ್ನುಡಿ, ಪರಿವಿಡಿ ಅಂತ ಎಂಟು ಸೇರಿಸಿ. 225 ಆಯಿತು.

ಈಗ ಫಾರಂ ಲೆಕ್ಕ. 14 ಫಾರಂಗೆ 224 ಪುಟ. ನಿಮ್ಮದು ಒಂದು ಪುಟ ಜಾಸ್ತಿ. ಆ ಒಂದು ಪುಟಕ್ಕೆ ಇನ್ನೊಂದು ಅರ್ಧ ಫಾರಮ್ಮೋ ಕಾಲು ಫಾರಮ್ಮೋ ಹಾಕಬೇಕು, ಉಳಿದದ್ದು ಖಾಲಿ. ದುಡ್ಡು ಹೋಗುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಜನ ‘ಅಂಚು ಸ್ವಲ್ಪ ಕಮ್ಮಿ ಮಾಡಿಬಿಡಿ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಪುಟ ಉಳಿಸಲು 224 ಪುಟದ ಉಸಿರು ಕಟ್ಟಿಸುವುದು ಸರಿಯಲ್ಲ. ಎರಡು ಮೂರು ಪದ ಮಾತ್ರ ಕೊನೆ ಸಾಲಿಗೆ ಬಿದ್ದಿರುವ ಪ್ಯಾರಾಗಳನ್ನು ಹುಡುಕಿ, ಒಂದು ಪದ ಕಮ್ಮಿ ಮಾಡಿ. ನಾಲ್ಕೈದು ಸಾಲಿನಲ್ಲೇ ಮುಗಿಯುವ ಅಧ್ಯಾಯದ ಕೊನೆಯ ಪುಟ ಇದ್ದರೆ ಅಲ್ಲಿಂದ ಶುರು ಮಾಡಿ. ಕೃತಜ್ಞತೆಯ ಮಾತುಗಳನ್ನು ಒಂದೇ ಪುಟಕ್ಕೆ ತನ್ನಿ. ಒಂದು ಪುಟ ಖಂಡಿತ ಸಿಗುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಅಕ್ಷರ ಚಿಕ್ಕದೋ ದೊಡ್ಡದೋ ಆಗಿ ಬರುತ್ತದೆ.

ಪ್ರಿಂಟ್ ಕೊಡುವಾಗ ಫಿಟ್ ಅಂತ ಆಯ್ಕೆ ಆಗಿರುತ್ತದೆ. ಪುಟವನ್ನು ಹಾಳೆಗೆ ತಕ್ಕ ಹಾಗೆ ಹಿಗ್ಗಿಸುವುದು, ಕುಗ್ಗಿಸುವುದು ಅದರ ಕೆಲಸ. ಅಂಗಡಿಯವರಿಗೆ ‘ಆಕ್ಚುಯಲ್ ಸೈಜ್ ಕೊಡಿ, ನೂರಕ್ಕೆ ನೂರು’ ಅಂತ ಹೇಳಿ. ಬಂದ ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲಿನ ಅಗಲ ಅಳೆಯಿರಿ. ನಾಲ್ಕು ಇಂಚು ಇರಬೇಕು.

ಇನ್ನೊಂದು ತೊಂದರೆ ಲೆಟರ್ ಸೈಜಿನದ್ದು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ವರ್ಡ್ ತೆರೆದಾಗ ಅಮೆರಿಕದ 8.5 × 11 ಇಂಚಿನ ಲೆಟರ್ ಹಾಳೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಇರುವುದು ಎ4. ಅದು ಅಗಲದಲ್ಲಿ ಕಮ್ಮಿ, ಉದ್ದದಲ್ಲಿ ಜಾಸ್ತಿ. ಬರೆಯುವ ಮೊದಲ ದಿನವೇ ಎ4 ಮಾಡಿಕೊಂಡರೆ ಈ ಕಿರಿಕಿರಿ ಇಲ್ಲ.

ಪ್ರೆಸ್ಸಿಗೆ ಕೊಡುವ ಮುಂಚೆ ಹತ್ತು ಪುಟವನ್ನಾದರೂ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆಸಿ, 5.5 × 8.5ಕ್ಕೆ ಕತ್ತರಿಸಿ, ಬೆನ್ನಿಗೆ ಪಿನ್ ಹೊಡೆದು ಕೈಯಲ್ಲಿ ಹಿಡಿದು ಓದಿ. ಪರದೆಯ ಮೇಲೆ ಕಾಣದ ತಪ್ಪು ಇಲ್ಲಿ ಕಾಣುತ್ತದೆ.

ಪ್ರೆಸ್ಸಿಗೆ ವರ್ಡ್ ಫೈಲ್ ಕೊಡಬೇಕಾ, ಪಿಡಿಎಫ್ ಕೊಡಬೇಕಾ?

ಪುಟ ಕೂರಿಸಿ ಆಗಿದ್ದರೆ ಪಿಡಿಎಫ್. ವರ್ಡ್ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ನಿಮ್ಮ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೆ ಫಾಂಟ್ ಕೂರುತ್ತದೆ. ಆಗ 224 ಪುಟ 240 ಆದರೂ ಆಗಬಹುದು. ಹಳೆಯ ನುಡಿ ಫಾಂಟಿನ ಫೈಲ್ ಆದರೆ ಅಕ್ಷರಗಳೇ ಗೋಜಲಾಗಿ ಕಾಣುತ್ತವೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಎರಡು ನೋಡಿ: ಪುಟದ ಅಳತೆ 5.5 × 8.5 ಇದೆಯಾ, ಫಾಂಟ್ ಹೆಸರಿನ ಮುಂದೆ ಎಂಬೆಡೆಡ್ ಅಂತ ಇದೆಯಾ.

ಪ್ರೆಸ್ಸಿನವರೇ ಪುಟ ಕೂರಿಸುವುದಾದರೆ ಅವರ ಸಾಫ್ಟ್‌ವೇರ್ ಯಾವುದು ಕೇಳಿ. ಪೇಜ್‌ಮೇಕರ್ ಆದರೆ ಯೂನಿಕೋಡ್ ನಡೆಯುವುದಿಲ್ಲ, ನುಡಿ ಅಥವಾ ಶ್ರೀಲಿಪಿಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಇನ್ನೊಂದು ಸಲ ಓದಿ, ಅಲ್ಲಿ ತಪ್ಪು ನುಸುಳುವುದು ಜಾಸ್ತಿ.

ಫೋಟೊ ಪುಟದ ತುದಿಯವರೆಗೂ ಬರಬೇಕು. ಮುಖಪುಟದ ಅಳತೆ ಹೇಗೆ?

ತುದಿಯವರೆಗೆ ಬರುವ ಯಾವ ಚಿತ್ರವಾದರೂ ಕಟಿಂಗ್ ಗೆರೆಯಿಂದ 3 ಮಿಲಿಮೀಟರ್ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಕತ್ತಿ ಕೂದಲೆಳೆ ಆಚೆ ಹೋದರೂ ಬಿಳಿ ಗೆರೆ ಕಾಣುತ್ತದೆ. ಮುಖಪುಟದ ಫೈಲಿನಲ್ಲಿ ಹಿಂಬದಿ, ಬೆನ್ನು, ಮುಂಬದಿ ಮೂರೂ ಒಂದೇ ಹಾಳೆಯಲ್ಲಿ ಇರುತ್ತವೆ. ಬೆನ್ನಿನ ದಪ್ಪವನ್ನು ಊಹೆ ಮಾಡಬೇಡಿ. ನಿಮ್ಮ ಪುಸ್ತಕಕ್ಕೆ ಹಾಕುವ ಅದೇ ಕಾಗದದಲ್ಲಿ ಅಷ್ಟೇ ಪುಟದ ಒಂದು ಖಾಲಿ ಡಮ್ಮಿ ಮಾಡಿಕೊಡಿ ಅಂತ ಕೇಳಿ, ಸ್ಕೇಲ್ ಇಟ್ಟು ಅಳೆಯಿರಿ.

48 ಪುಟದ ಪುಸ್ತಿಕೆ. ನಡುವೆ ಪಿನ್ ಹೊಡೆಯುತ್ತಾರೆ. ಅದಕ್ಕೂ ಇದೇ ಅಂಚಾ?

ಒಳ ಅಂಚು ಇಷ್ಟು ಬೇಡ, 0.65 ಇಂಚು ಸಾಕು. ಪುಸ್ತಿಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೊರ ಅಂಚನ್ನು ಮಾತ್ರ ಧಾರಾಳವಾಗಿ ಬಿಡಿ. ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿದಾಗ ನಡುವಿನ ಹಾಳೆಗಳು ಹೊರಕ್ಕೆ ಚಾಚುತ್ತವೆ. ಕಟಿಂಗ್ ಹೊಡೆದಾಗ ನಡುಪುಟಗಳ ಅಂಚೇ ಜಾಸ್ತಿ ಹೋಗುವುದು. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು.

ವಿಶ್ವವಿದ್ಯಾಲಯಕ್ಕೆ ಕೊಡುವ ಪ್ರಬಂಧಕ್ಕೆ?

ಅದು ಎ4. ಹಾರ್ಡ್ ಬೈಂಡಿಂಗ್ ಇರುವುದರಿಂದ ಎಡಗಡೆ 1.5 ಇಂಚು, ಉಳಿದ ಕಡೆ ಒಂದು ಇಂಚು ಬಿಡುವುದು ರೂಢಿ. ಆದರೂ ನಿಮ್ಮ ವಿಭಾಗದ ನಿಯಮ ಓದಿ, ಅದರಲ್ಲಿ ಇದ್ದದ್ದೇ ಕೊನೆ ಮಾತು.

ಎರಡನೇ ಮುದ್ರಣಕ್ಕೆ ಅಳತೆ ಬದಲಾಯಿಸಬಹುದಾ?

ಬದಲಾಯಿಸಬಹುದು. ಆದರೆ ಪುಟ ಸಂಖ್ಯೆಗಳೆಲ್ಲ ಬೇರೆ ಆಗುತ್ತವೆ. ಪರಿವಿಡಿ, ಪದಸೂಚಿ, ‘ನೋಡಿ ಪುಟ 84’ ಅಂತ ಒಳಗೆ ಬರೆದದ್ದು, ಎಲ್ಲವನ್ನೂ ಮತ್ತೆ ಮಾಡಬೇಕು. ಬೇರೆಯವರು ನಿಮ್ಮ ಪುಸ್ತಕದ ಪುಟ ಸಂಖ್ಯೆ ಕೊಟ್ಟು ಉಲ್ಲೇಖಿಸಿದ್ದರೆ ಅದೂ ಹೊಸ ಪ್ರತಿಗೆ ಹೊಂದುವುದಿಲ್ಲ. ಕಾರಣ ಇಲ್ಲದಿದ್ದರೆ ಹಳೆಯ ಅಳತೆಯನ್ನೇ ಉಳಿಸಿಕೊಳ್ಳಿ. ಮೊದಲ ಮುದ್ರಣ ಮುಗಿದ ದಿನವೇ ತಿದ್ದಲು ಬರುವ ಮೂಲ ಫೈಲ್, ಅದರ ಫಾಂಟ್, ಫೋಟೊಗಳು, ಪಿಡಿಎಫ್, ಮುಖಪುಟ, ಎಲ್ಲವನ್ನೂ ಪುಟ ಕೂರಿಸಿದವರಿಂದ ಕೇಳಿ ತೆಗೆದುಕೊಂಡು ಎರಡು ಕಡೆ ಇಟ್ಟುಕೊಳ್ಳಿ.